ಶಿಯಾ ಬೆಣ್ಣೆ, ಕಪ್ಪು ಸಾಬೂನು, ಬಾವೊಬಾಬ್ ಎಣ್ಣೆ: ಪಶ್ಚಿಮ ಆಫ್ರಿಕಾದ ಆರೈಕೆ ವಸ್ತುಗಳನ್ನು ಬಳಸುವ ಕ್ರಮ

ನವೆಂಬರ್ ಕೊನೆಯಿಂದ ಮಾರ್ಚ್‌ವರೆಗೆ ಸಹಾರಾ ಮರುಭೂಮಿಯಿಂದ ಗಿನಿ ಕೊಲ್ಲಿಯ ಕಡೆಗೆ ಹರ್ಮಟ್ಟಾನ್ ಎಂಬ ಒಣಗಾಳಿ ಬೀಸುತ್ತದೆ. ಮಾಲಿ, ಬುರ್ಕಿನಾ ಫಾಸೊ, ನೈಜರ್, ಉತ್ತರ ಘಾನಾ ಮತ್ತು ಉತ್ತರ ನೈಜೀರಿಯಾದ ಊರುಗಳ ಮೇಲೆ ಆಗ ನವಿರಾದ ಧೂಳು ಕವಿಯುತ್ತದೆ. ಗಾಳಿಯಲ್ಲಿ ತೇವವೇ ಇಲ್ಲದಂತಾಗಿ ತುಟಿ ಸೀಳುತ್ತದೆ, ಹಿಮ್ಮಡಿ ಬಿರಿಯುತ್ತದೆ, ಮೈ ಬೆಳ್ಳಗೆ ಬೂದಿ ಬಡಿದಂತೆ ಒಣಗುತ್ತದೆ. ಅಲ್ಲಿನ ಜನರ ಕೂದಲು ಹೆಚ್ಚಾಗಿ ಬಿಗಿಯಾದ ಸುರುಳಿಯದು. ಅಂಥ ಕೂದಲಿನಲ್ಲಿ ನೆತ್ತಿಯ ಜಿಡ್ಡು ಸುರುಳಿಗಳನ್ನು ದಾಟಿ ತುದಿಯವರೆಗೆ ಇಳಿಯುವುದು ಕಷ್ಟವಾದ್ದರಿಂದ, ಅದು ಬೇಗ ಒಣಗಿ ಮುರಿಯುತ್ತದೆ. ಈಗ ನಮ್ಮ ಅಂಗಡಿಗಳಲ್ಲೂ ಆನ್‌ಲೈನ್ ಮಾರಾಟದಲ್ಲೂ ಸಿಗುತ್ತಿರುವ, ಶಿಯಾ ಎಂಬ ಮರದ ಬೀಜದ ಬೆಣ್ಣೆ, ಬಾವೊಬಾಬ್ ಎಂಬ ಮರದ ಬೀಜದ ಎಣ್ಣೆ ಮುಂತಾದವು ಈ ಹವೆ ಮತ್ತು ಈ ಕೂದಲಿನ ಅಗತ್ಯಕ್ಕೆ ಒದಗಿಬಂದ ವಸ್ತುಗಳು. ಆದ್ದರಿಂದ ಅಲ್ಲಿನ ಪ್ರಮಾಣವನ್ನೇ ಮಂಗಳೂರಿನ ಸೆಕೆಯಲ್ಲಿ ನೀಳ ಕೂದಲಿಗೆ ಬಳಸಿದರೆ ಜಿಡ್ಡು ಮಾತ್ರ ಉಳಿಯುತ್ತದೆ. ಡಿಸೆಂಬರ್‌ನ ಬೀದರ್ ಚಳಿಯಲ್ಲಾಗಲಿ, ವರ್ಷವಿಡೀ ಏರ್ ಕಂಡೀಷನರ್ ನಡುವೆ ಕೆಲಸ ಮಾಡುವ ದುಬೈ ಕನ್ನಡಿಗರಿಗಾಗಲಿ ಅವು ನಿಜವಾಗಿ ಉಪಯುಕ್ತವಾಗುತ್ತವೆ. ಹವೆ ಮತ್ತು ಕೂದಲಿನ ಗುಣವನ್ನು ನೋಡಿ ಪ್ರಮಾಣವನ್ನು ನಿರ್ಧರಿಸುವುದು ಹೇಗೆ ಎಂಬುದನ್ನೇ ಇಲ್ಲಿ ಹಂತ ಹಂತವಾಗಿ ವಿವರಿಸಲಾಗಿದೆ.

ಶಿಯಾ ಬೆಣ್ಣೆಯನ್ನು ಗುರುತಿಸುವುದು

ಶಿಯಾ ಮರವು ಸೆನೆಗಲ್‌ನಿಂದ ಪೂರ್ವಕ್ಕೆ ಉಗಾಂಡಾದವರೆಗೆ, ಸಹಾರಾದ ದಕ್ಷಿಣದ ಒಣ ಹುಲ್ಲುಗಾವಲು ಪಟ್ಟಿಯಲ್ಲಿ ಬೆಳೆಯುತ್ತದೆ. ನಮ್ಮ ಹಿಪ್ಪೆ ಮತ್ತು ಸಪೋಟ ಮರಗಳು ಸೇರಿರುವ ಸಸ್ಯ ಕುಟುಂಬಕ್ಕೇ ಅದೂ ಸೇರಿದೆ. ನೆಟ್ಟ ತೋಟಗಳು ವಿರಳ. ಹೊಲಗಳ ನಡುವೆ ತಾನಾಗಿ ಹುಟ್ಟಿದ ಮರಗಳನ್ನು ರೈತರು ಕಡಿಯದೆ ಉಳಿಸಿಕೊಂಡಿರುತ್ತಾರೆ, ಮತ್ತು ಮರ ಮೊದಲ ಫಲ ಕೊಡಲು ಹದಿನೈದು–ಇಪ್ಪತ್ತು ವರ್ಷ ಹಿಡಿಯುವುದುಂಟು. ಬುರ್ಕಿನಾ ಫಾಸೊದ ಕಿರಿಕೊಂಗೊ ಎಂಬಲ್ಲಿ ನಡೆದ ಉತ್ಖನನದಲ್ಲಿ ಸುಮಾರು ಕ್ರಿ.ಶ. 100ರಷ್ಟು ಹಿಂದಿನ ಶಿಯಾ ಕಾಯಿಯ ಸಿಪ್ಪೆಗಳು ದೊರೆತಿವೆ. 1352ರಲ್ಲಿ ಮಾಲಿ ಸಾಮ್ರಾಜ್ಯಕ್ಕೆ ಹೊರಟ ಮೊರಾಕೊದ ಪ್ರವಾಸಿ ಇಬ್ನ್ ಬತೂತ, ಅಡುಗೆಗೆ, ದೀಪಕ್ಕೆ, ಮೈಗೆ ಹಚ್ಚುವುದಕ್ಕೆ, ಅಷ್ಟೇಕೆ ಮಣ್ಣಿನೊಡನೆ ಕಲಸಿ ಮನೆಯ ಗೋಡೆಗೆ ಬಳಿಯುವುದಕ್ಕೂ ಬಳಕೆಯಾಗುತ್ತಿದ್ದ ಒಂದು ಕಾಯಿಯ ಎಣ್ಣೆಯನ್ನು ವರ್ಣಿಸಿದ್ದಾನೆ. ಅದು ಶಿಯಾ ಎಂದೇ ವಿದ್ವಾಂಸರು ತಿಳಿಯುತ್ತಾರೆ.

ಬೆಣ್ಣೆ ತೆಗೆಯುವುದು ಇಂದಿಗೂ ಮುಖ್ಯವಾಗಿ ಹೆಂಗಸರ ಕೆಲಸ. ಮಳೆಗಾಲದ ಆರಂಭದಲ್ಲಿ ಉದುರಿದ ಹಣ್ಣುಗಳನ್ನು ಆರಿಸಿ, ಸಿಹಿಯಾದ ತಿರುಳನ್ನು ತಿಂದು, ಬೀಜವನ್ನು ಬೇಯಿಸಿ ಬಿಸಿಲಿಗೆ ಒಣಹಾಕುತ್ತಾರೆ. ಬಳಿಕ ಸಿಪ್ಪೆ ಒಡೆದು, ಒಳಗಿನ ತಿರುಳನ್ನು ಹುರಿದು, ಅರೆದು, ಆ ಕಂದು ಹಿಟ್ಟಿಗೆ ನೀರು ಹಾಕುತ್ತ ಕೈಯಿಂದ ಬಹುಹೊತ್ತು ನಾದುತ್ತಾರೆ. ಬೆಳ್ಳನೆಯ ಜಿಡ್ಡು ಮೇಲೆ ಬಂದಾಗ ಅದನ್ನು ತೆಗೆದು, ಕಾಯಿಸಿ, ಸೋಸಿ, ಆರಿಸುತ್ತಾರೆ. ಹುರಿಯುವಾಗಿನ ಹೊಗೆಯ ವಾಸನೆ ಬೆಣ್ಣೆಯಲ್ಲಿ ಉಳಿಯುವುದು ಈ ಕಾರಣಕ್ಕೆ. ಕೊಳ್ಳುವಾಗ ಈ ವಾಸನೆಯೇ ಮೊದಲ ಗುರುತು: ಸಂಸ್ಕರಿಸದ ಶಿಯಾ ಬೆಣ್ಣೆ ಕೆನೆ ಬಣ್ಣದಿಂದ ತಿಳಿಹಳದಿಯವರೆಗೆ ಇರುತ್ತದೆ, ಹೊಗೆಯ ಜೊತೆಗೆ ಹುರಿದ ಕಾಯಿಯ ಸಣ್ಣ ಘಾಟು ಬರುತ್ತದೆ. ಹಾಲಿನಂತೆ ಬೆಳ್ಳಗಿದ್ದು ಯಾವ ವಾಸನೆಯೂ ಇಲ್ಲದಿದ್ದರೆ ಅದು ಸಂಸ್ಕರಿಸಿದ್ದು. ಅದು ಕೆಟ್ಟದ್ದೆಂದು ಭಾವಿಸಬೇಕಿಲ್ಲ. ವಾಸನೆ ಸಹಿಸದವರಿಗೆ ಮತ್ತು ಬೇಗ ಕೆರಳುವ ಚರ್ಮದವರಿಗೆ ಅದೇ ಲೇಸು ಎಂಬುದು ನನ್ನ ಅಭಿಪ್ರಾಯ. ಗಾಢ ಹಳದಿಯ ಬೆಣ್ಣೆ ಹೆಚ್ಚು ಶುದ್ಧವೆಂಬ ಮಾತನ್ನು ಮಾತ್ರ ನಂಬಬೇಡಿ. ಘಾನಾದಲ್ಲಿ ಒಂದು ಜಾತಿಯ ಬೇರನ್ನು ಹಾಕಿ ಆ ಬಣ್ಣ ತರುವುದುಂಟು.

ಡಬ್ಬಿಯ ಮೇಲಿನ ಪಟ್ಟಿಯಲ್ಲಿ ಬ್ಯುಟಿರೋಸ್ಪರ್ಮಮ್ ಪಾರ್ಕಿ ಬಟರ್ ಎಂದಿದ್ದರೆ ಅದು ಶಿಯಾ. 1790ರ ದಶಕದಲ್ಲಿ ನೈಜರ್ ನದಿಯ ಸೀಮೆಯಲ್ಲಿ ಅಲೆದು ಈ ಬೆಣ್ಣೆಯ ಬಗ್ಗೆ ಯುರೋಪಿಗೆ ತಿಳಿಸಿದ ಸ್ಕಾಟ್ಲೆಂಡಿನ ಅನ್ವೇಷಕ ಮಂಗೊ ಪಾರ್ಕ್‌ನ ನೆನಪಿಗೆ ಇಟ್ಟ ಹಳೆಯ ಸಸ್ಯನಾಮವೇ ಸೌಂದರ್ಯ ಸಾಮಗ್ರಿಗಳ ಪಟ್ಟಿಯಲ್ಲಿ ಉಳಿದುಕೊಂಡಿದೆ. ಪಟ್ಟಿಯಲ್ಲಿ ವಸ್ತುಗಳನ್ನು ಪ್ರಮಾಣದ ಇಳಿಕೆಯ ಕ್ರಮದಲ್ಲಿ ಬರೆಯುತ್ತಾರೆ. ಹೀಗಾಗಿ ‘ಶಿಯಾ ಕ್ರೀಮ್’ ಎಂದು ದೊಡ್ಡದಾಗಿ ಮುದ್ರಿಸಿದ ಡಬ್ಬಿಯಲ್ಲಿ ಈ ಹೆಸರು ಸುಗಂಧ ದ್ರವ್ಯದ ಆಸುಪಾಸಿನಲ್ಲಿ, ಕೊನೆಗೆ ಬಂದಿದ್ದರೆ ನೀವು ಹಣ ಕೊಡುತ್ತಿರುವುದು ಹೆಸರಿಗೆ ಮಾತ್ರ.

ಹಚ್ಚುವ ಮುನ್ನ ಪರೀಕ್ಷೆ

ಹೊಸ ವಸ್ತು ಯಾವುದೇ ಇರಲಿ, ಮೊದಲು ಮೊಣಕೈಯ ಒಳಮಡಿಕೆಯಲ್ಲಿ ಒಂದು ನಾಣ್ಯದಗಲ ಜಾಗಕ್ಕೆ ದಿನಕ್ಕೆ ಎರಡು ಬಾರಿ, ಒಂದು ವಾರ ಹಚ್ಚಿ ನೋಡಬೇಕು. ಒಂದೇ ದಿನ ಹಚ್ಚಿ ಏನೂ ಆಗಲಿಲ್ಲವೆಂದು ಮುಂದುವರಿಯುವವರೇ ಹೆಚ್ಚು. ಆದರೆ ಸ್ಪರ್ಶದಿಂದ ಬರುವ ಅಲರ್ಜಿ ಕೆಲವು ದಿನ ಕಳೆದ ಮೇಲೆ ಕಾಣಿಸಿಕೊಳ್ಳಬಹುದು. ಸಾಬೂನನ್ನು ಪರೀಕ್ಷಿಸುವಾಗ ಹಚ್ಚಿ, ಸ್ನಾನದಲ್ಲಿ ಮೈಮೇಲೆ ಇರುವಷ್ಟೇ ಹೊತ್ತು ಬಿಟ್ಟು ತೊಳೆಯಬೇಕು. ಗೋಡಂಬಿ, ಬಾದಾಮಿಯಂಥ ಬೀಜಗಳಿಗೆ ಅಲರ್ಜಿ ಇರುವವರು ವೈದ್ಯರನ್ನು ಕೇಳದೆ ಶಿಯಾ ಬಳಸಬಾರದು. ಹಸುಗೂಸಿನ ಚರ್ಮದ ವಿಷಯದಲ್ಲೂ ಇದೇ ನಿಯಮ. ಕಪ್ಪು ಸಾಬೂನಂತೂ ಶಿಶುಗಳಿಗೆ ಬೇಡವೇ ಬೇಡ.

ಮೈಗೆ ಶಿಯಾ

ಶಿಯಾ ಬೆಣ್ಣೆಯ ಬಹುಭಾಗ ಸ್ಟಿಯರಿಕ್ ಮತ್ತು ಓಲಿಯಿಕ್ ಎಂಬ ಎರಡು ಕೊಬ್ಬಿನಾಮ್ಲಗಳಿಂದ ಆದದ್ದು. ಮೊದಲನೆಯದು ಅದಕ್ಕೆ ಗಟ್ಟಿತನ ಕೊಡುತ್ತದೆ, ಎರಡನೆಯದು ಜಾರುಗುಣ ಕೊಡುತ್ತದೆ. ಅದು ಚರ್ಮಕ್ಕೆ ನೀರನ್ನು ಒದಗಿಸುವುದಿಲ್ಲ, ಇರುವ ನೀರು ಆವಿಯಾಗದಂತೆ ತಡೆಯುತ್ತದೆ, ಅಷ್ಟೆ. ಇದನ್ನು ಅರಿತರೆ ಬಳಕೆಯ ಕ್ರಮ ತಾನೇ ಸ್ಪಷ್ಟವಾಗುತ್ತದೆ. ಸ್ನಾನವಾದ ಎರಡು–ಮೂರು ನಿಮಿಷದೊಳಗೆ, ಟವೆಲಿನಿಂದ ಒತ್ತಿ ಒರೆಸಿ ಮೈ ಇನ್ನೂ ಸ್ವಲ್ಪ ಹಸಿಯಾಗಿರುವಾಗಲೇ ಹಚ್ಚಬೇಕು. ಒಂದು ತೋಳಿಗೆ ಕಡಲೆಕಾಳಿನಷ್ಟು ಬೆಣ್ಣೆ ಸಾಕು. ಅದನ್ನು ಎರಡು ಅಂಗೈಗಳ ನಡುವೆ ಉಜ್ಜಿ ಪೂರ್ತಿ ಕರಗಿಸಿದ ಮೇಲೆ ಚರ್ಮಕ್ಕೆ ಒತ್ತುತ್ತ ಹರಡಬೇಕು. ಗಟ್ಟಿ ಉಂಡೆಯನ್ನೇ ಮೈಗೆ ತಿಕ್ಕಿದರೆ ಅಗತ್ಯಕ್ಕಿಂತ ಮೂರು ಪಟ್ಟು ಖರ್ಚಾಗುತ್ತದೆ, ಬಟ್ಟೆಗೂ ಜಿಡ್ಡು ಹತ್ತುತ್ತದೆ.

ಒಡೆದ ಹಿಮ್ಮಡಿಗೆ ಕ್ರಮ ಬೇರೆ. ರಾತ್ರಿ ಕಾಲುಗಳನ್ನು ಹತ್ತು ನಿಮಿಷ ಉಗುರುಬೆಚ್ಚಗಿನ ನೀರಿನಲ್ಲಿಟ್ಟು, ಸತ್ತ ಚರ್ಮವನ್ನು ಮೆಲ್ಲಗೆ ಉಜ್ಜಿ ತೆಗೆದು, ಒರೆಸಿ, ಶಿಯಾವನ್ನು ದಪ್ಪವಾಗಿ ಹಚ್ಚಿ ಹತ್ತಿಯ ಕಾಲುಚೀಲ ಹಾಕಿಕೊಂಡು ಮಲಗಬೇಕು. ಬಿರುಕಿನಿಂದ ರಕ್ತ ಬರುತ್ತಿದ್ದರೆ, ಅಥವಾ ಮಧುಮೇಹವಿದ್ದರೆ, ಮನೆಮದ್ದಿನಲ್ಲಿ ಕಾಲಹರಣ ಮಾಡದೆ ವೈದ್ಯರಿಗೆ ತೋರಿಸಬೇಕು. ಇಲ್ಲಿ ಒಂದು ಮಾತು ಹೇಳಲೇಬೇಕು: ಉತ್ತರ ಕನ್ನಡ ಮತ್ತು ಮಲೆನಾಡಿನ ಮನೆಗಳಲ್ಲಿ ಒಡೆದ ಕಾಲಿಗೆ ಹಚ್ಚುತ್ತ ಬಂದಿರುವ ಮುರುಗಲ ತುಪ್ಪವೂ ಸ್ಟಿಯರಿಕ್ ಮತ್ತು ಓಲಿಯಿಕ್ ಆಮ್ಲಗಳೇ ತುಂಬಿರುವ ಗಟ್ಟಿ ಕೊಬ್ಬು. ಕೋಕೋ ಬೆಣ್ಣೆಯ ಜೊತೆಗೆ ಚಾಕೊಲೇಟಿನಲ್ಲಿ ಸೇರಿಸಬಹುದಾದ ಆರು ಸಸ್ಯ ಕೊಬ್ಬುಗಳನ್ನು ಯುರೋಪಿಯನ್ ಒಕ್ಕೂಟ 2000ರಲ್ಲಿ ಪಟ್ಟಿ ಮಾಡಿದಾಗ ಶಿಯಾ ಮತ್ತು ಮುರುಗಲು ಎರಡಕ್ಕೂ ಅದರಲ್ಲಿ ಸ್ಥಾನ ಸಿಕ್ಕಿತು. ಮನೆಯಲ್ಲಿ ಮುರುಗಲ ತುಪ್ಪ ಇರುವವರು ಹಿಮ್ಮಡಿಗಾಗಿ ಶಿಯಾ ಕೊಳ್ಳಬೇಕಾದ ಅಗತ್ಯ ನನಗೆ ಕಾಣುವುದಿಲ್ಲ. ಮೈಗೆಲ್ಲ ಹಚ್ಚುವುದಕ್ಕಾದರೆ ಬೇಗ ಹರಡುವ ಶಿಯಾ ಅನುಕೂಲ.

ಮುಖಕ್ಕೆ ಹಚ್ಚುವಾಗ ಎಚ್ಚರಿಕೆ ಬೇಕು. ಒಣ ಚರ್ಮದವರು ರಾತ್ರಿ ಅಕ್ಕಿಕಾಳಿನಷ್ಟು ಬಳಸಬಹುದು. ಮೊಡವೆ ಬರುವವರು, ಸದಾ ಎಣ್ಣೆ ಪಸೆ ಇರುವವರು ದೂರವಿರುವುದೇ ಒಳ್ಳೆಯದು. ಶಿಯಾ ಬಿಸಿಲಿನಿಂದ ರಕ್ಷಿಸುತ್ತದೆ ಎಂಬ ಜಾಹೀರಾತನ್ನು ನಂಬಿ ಸನ್‌ಸ್ಕ್ರೀನ್ ಬಿಡಬಾರದು. ಅದರ ತಡೆಯುವ ಶಕ್ತಿ ತೀರ ಅತ್ಯಲ್ಪ.

ಕಡೆದ ಶಿಯಾ ಮಾಡುವ ವಿಧಾನ

ಚಳಿಗಾಲದಲ್ಲಿ ಶಿಯಾ ಕಲ್ಲಿನಂತೆ ಗಟ್ಟಿಯಾಗುವುದರಿಂದ ಅದನ್ನು ಎಣ್ಣೆಯೊಡನೆ ಕಡೆದು ಇಟ್ಟುಕೊಳ್ಳುವುದು ಅನುಕೂಲ. ನೂರು ಗ್ರಾಂ ಶಿಯಾ ಬೆಣ್ಣೆಯನ್ನು ಒಣ ಸ್ಟೀಲ್ ಪಾತ್ರೆಯಲ್ಲಿ ಹಾಕಿ, ಆ ಪಾತ್ರೆಯನ್ನು ಬಿಸಿನೀರಿರುವ ಇನ್ನೊಂದು ಪಾತ್ರೆಯೊಳಗಿಟ್ಟು, ಸಣ್ಣ ಉರಿಯಲ್ಲಿ ಕರಗಿಸಿ. ನೇರವಾಗಿ ಒಲೆಯ ಮೇಲಿಡಬೇಡಿ. ಕರಗಿದ ಮೇಲೆ ಕೆಳಗಿಳಿಸಿ, 25 ಮಿಲಿಲೀಟರ್ ಬಾವೊಬಾಬ್ ಎಣ್ಣೆಯನ್ನೋ ಎಳ್ಳೆಣ್ಣೆಯನ್ನೋ ಸೇರಿಸಿ, ಪಾತ್ರೆಯನ್ನು ಫ್ರಿಜ್‌ನಲ್ಲಿಡಿ. ಅಂಚುಗಳು ಗಟ್ಟಿಯಾಗಿ ನಡುವೆ ಇನ್ನೂ ಮೆತ್ತಗಿರುವ ಹಂತದಲ್ಲಿ ಹೊರತೆಗೆದು, ಬೀಟರ್‌ನಿಂದ ಐದಾರು ನಿಮಿಷ ಕಡೆದರೆ ಗಾಳಿ ಸೇರಿ ಹಗುರವಾದ ಬೆಳ್ಳನೆಯ ಮುದ್ದೆಯಾಗುತ್ತದೆ. ಕೈಯಿಂದ ಕಡೆಯುವವರಿಗೆ ಕಡೆಗೋಲೂ ಆಗುತ್ತದೆ, ತಾಳ್ಮೆ ಹೆಚ್ಚು ಬೇಕು.

ಫ್ರಿಜ್‌ನಲ್ಲಿಟ್ಟು ಬೇಗ ತಣಿಸಬೇಕೆಂದು ಹೇಳಿದ್ದಕ್ಕೆ ಕಾರಣವಿದೆ. ಶಿಯಾ 32ರಿಂದ 38 ಡಿಗ್ರಿ ಸೆಲ್ಸಿಯಸ್ ನಡುವೆ ಕರಗತೊಡಗುತ್ತದೆ. ಕರಗಿದ್ದು ನಿಧಾನವಾಗಿ ಆರಿದರೆ ಸ್ಟಿಯರಿಕ್ ಆಮ್ಲ ಹೆಚ್ಚಿರುವ ಭಾಗ ಮೊದಲು ಹರಳುಗಟ್ಟಿ, ಮನೆಯ ತುಪ್ಪ ಮರಳು ಮರಳಾಗುವಂತೆ ಅದೂ ಆಗುತ್ತದೆ. ಏಪ್ರಿಲ್–ಮೇ ತಿಂಗಳಲ್ಲಿ ರಾಯಚೂರು, ಕಲಬುರಗಿಯ ಕಡೆ ಕಪಾಟಿನಲ್ಲಿಟ್ಟ ಡಬ್ಬಿ ಹಗಲು ಕರಗಿ ರಾತ್ರಿ ಗಟ್ಟಿಯಾಗುತ್ತ ಇದೇ ಸ್ಥಿತಿಗೆ ಬರುತ್ತದೆ. ಬೆಣ್ಣೆ ಕೆಟ್ಟಿಲ್ಲ, ಮತ್ತೆ ಪೂರ್ತಿ ಕರಗಿಸಿ ಬೇಗ ತಣಿಸಿದರೆ ಸರಿಹೋಗುತ್ತದೆ. ಬೇಸಿಗೆಯಲ್ಲಿ ಕಡೆದ ಶಿಯಾ ಕುಸಿದು ಎಣ್ಣೆಯಾಗುವುದರಿಂದ, ಆ ಕಾಲಕ್ಕೆ ನೂರು ಗ್ರಾಂ ಶಿಯಾಕ್ಕೆ ಎಂಟು–ಹತ್ತು ಗ್ರಾಂ ಜೇನುಮೇಣವನ್ನು ಕರಗಿಸಿ ಬೆರೆಸಿ, ಕಡೆಯದೆ ಹಾಗೇ ಗಟ್ಟಿಯಾಗಲು ಬಿಡುವುದು ವಾಸಿ. ಯಾವ ಕಾಲದಲ್ಲೂ ಇದಕ್ಕೆ ನೀರು, ಗುಲಾಬಿ ಜಲ, ಲೋಳೆಸರದ ರಸ ಹಾಕಬಾರದು. ನೀರಿಲ್ಲದ ಕೊಬ್ಬಿನಲ್ಲಿ ಬೂಷ್ಟು ಬೆಳೆಯದು. ನೀರು ಸೇರಿತೆಂದರೆ ಸಂರಕ್ಷಕವಿಲ್ಲದೆ ಕೆಲವೇ ದಿನಗಳಲ್ಲಿ ಕೆಡುತ್ತದೆ.

ಕಪ್ಪು ಸಾಬೂನು ಮತ್ತು ಕೊಳವೆಬಾವಿಯ ನೀರು

ನೈಜೀರಿಯಾದ ಯೊರುಬಾ ಜನ ಓಸೆ ದುದು ಎಂದೂ ಘಾನಾದಲ್ಲಿ ಅಲಾಟಾ ಸಮಿನಾ ಎಂದೂ ಕರೆಯುವ ಈ ಸಾಬೂನಿಗೆ ಬೇಕಾದ ಕ್ಷಾರ ಬರುವುದು ಬೂದಿಯಿಂದ. ಬಾಳೆಜಾತಿಯ ಪ್ಲಾಂಟೇನ್ ಸಿಪ್ಪೆ, ಕೋಕೋ ಕಾಯಿಯ ಹೊರಕವಚ, ತಾಳೆಯ ಗೊನೆಯ ದಿಂಡು ಮುಂತಾದವನ್ನು ಒಣಗಿಸಿ ಸುಟ್ಟು, ಬೂದಿಯನ್ನು ನೀರಿನಲ್ಲಿ ಕದಡಿ ಸೋಸುತ್ತಾರೆ. ಪೊಟ್ಯಾಸಿಯಂ ತುಂಬಿದ ಆ ತಿಳಿಯನ್ನು ತಾಳೆ ಕಾಳಿನ ಎಣ್ಣೆ, ಕೊಬ್ಬರಿ ಎಣ್ಣೆ ಅಥವಾ ಶಿಯಾದೊಡನೆ ಗಂಟೆಗಟ್ಟಲೆ ಕುದಿಸಿ ತಿರುವುತ್ತಾರೆ. ಪೊಟ್ಯಾಸಿಯಂ ಸಾಬೂನು ಸ್ವಭಾವತಃ ಮೆತ್ತಗಿರುವುದರಿಂದ ನಿಜವಾದ ಕಪ್ಪು ಸಾಬೂನು ನುಣುಪಾದ ಬಿಲ್ಲೆಯಾಗಿರುವುದಿಲ್ಲ. ಕಂದು ಬಣ್ಣದ, ಮುಟ್ಟಿದರೆ ಪುಡಿಯಾಗುವ, ಗಾಳಿಯ ತೇವ ಹೀರಿ ಅಂಟಂಟಾಗುವ ಮುದ್ದೆಯಾಗಿರುತ್ತದೆ. ಮಿರುಗುವ ಕಾಡಿಗೆ ಬಣ್ಣ, ಗಮಗಮಿಸುವ ಪರಿಮಳ, ಪಟ್ಟಿಯ ಮೊದಲಲ್ಲಿ ಸೋಡಿಯಂ ಪಾಮೇಟ್ ಎಂಬ ಹೆಸರು ಇದ್ದರೆ ಅದು ಬಣ್ಣ ಹಾಕಿದ ಸಾಮಾನ್ಯ ಸಾಬೂನು.

ಮುದ್ದೆಯನ್ನು ನೇರವಾಗಿ ಮೈಗೆ ಉಜ್ಜಬಾರದು, ಏಕೆಂದರೆ ಬೂದಿಯ ಹರಳುಗಳು ಚರ್ಮವನ್ನು ಗೀರುತ್ತವೆ. ಇಪ್ಪತ್ತು ಗ್ರಾಂನಷ್ಟು ತುಂಡನ್ನು ಪುಡಿಮಾಡಿ, ಕುದಿಸಿ ಇಳಿಸಿದ 200 ಮಿಲಿಲೀಟರ್ ಬಿಸಿನೀರಿಗೆ ಹಾಕಿ ರಾತ್ರಿಯಿಡೀ ನೆನೆಯಲು ಬಿಡಿ. ಬೆಳಿಗ್ಗೆ ತೆಳು ಬಟ್ಟೆಯಲ್ಲಿ ಎರಡು ಸಲ ಸೋಸಿ, ಬಾಟಲಿಗೆ ತುಂಬಿ ಫ್ರಿಜ್‌ನಲ್ಲಿಡಿ, ವಾರದೊಳಗೆ ಮುಗಿಸಿ. ಮನೆಯಲ್ಲಿ ಆಮ್ಲ–ಕ್ಷಾರ ಗುಣವನ್ನು ಅಳೆಯುವ ಪಿಎಚ್ ಕಾಗದವಿದ್ದರೆ ಅದ್ದಿ ನೋಡುವುದು ಒಳ್ಳೆಯದು. ಈ ಸಾಬೂನಿನ ಪಿಎಚ್ 9ರಿಂದ 10ರ ಆಸುಪಾಸಿನಲ್ಲಿರುತ್ತದೆ. ಬೂದಿಯ ತಿಳಿಯನ್ನು ಅಂದಾಜಿನ ಮೇಲೆ ಹಾಕುವುದರಿಂದ ಕೆಲವು ಮುದ್ದೆಗಳಲ್ಲಿ ಕ್ಷಾರ ಹೆಚ್ಚಾಗಿ ಉಳಿಯುವುದೂ ಉಂಟು. ಕಾಗದ 10ನ್ನು ಚೆನ್ನಾಗಿ ಮೀರಿ ತೋರಿಸಿದರೆ ಅದನ್ನು ಪಾತ್ರೆ ತೊಳೆಯಲು ಬಳಸಿ, ಮೈಗೆ ಬೇಡ. ಚರ್ಮದ ಮೇಲ್ಮೈಯ ಪಿಎಚ್ 5ರ ಸಮೀಪವಿರುವುದರಿಂದ ಒಳ್ಳೆಯ ಕಪ್ಪು ಸಾಬೂನನ್ನೂ ವಾರಕ್ಕೆ ಎರಡು–ಮೂರು ಬಾರಿಗಿಂತ ಹೆಚ್ಚು ಬಳಸಬಾರದು. ಅಂಗೈಯಲ್ಲಿ ನೊರೆ ಬರಿಸಿ, ಮೈಗೆ ಹಚ್ಚಿ, ಅರ್ಧ ನಿಮಿಷದಲ್ಲಿ ತೊಳೆದು, ಕೂಡಲೇ ಶಿಯಾ ಅಥವಾ ಬೇರೆ ಎಣ್ಣೆ ಹಚ್ಚಿದರೆ ಬಿಗಿತ ಉಳಿಯುವುದಿಲ್ಲ. ಇಸಬು ಇರುವವರು ಇದನ್ನು ಬಿಟ್ಟುಬಿಡಬೇಕು.

ಕೂದಲಿಗೆ ಬಳಸುವ ವಿಚಾರದಲ್ಲಿ ಬಹಳ ಮಾರ್ಗದರ್ಶಿಗಳು ಹೇಳದೆ ಬಿಡುವ ಸಂಗತಿ ಒಂದಿದೆ: ನೀರಿನ ಗಡಸುತನ. ಕೋಲಾರ, ಚಿತ್ರದುರ್ಗದಂಥ ಜಿಲ್ಲೆಗಳ ಹಾಗೂ ಬೆಂಗಳೂರಿನ ಹೊರವಲಯದ ಕೊಳವೆಬಾವಿ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಹೆಚ್ಚು. ಯಾವುದೇ ನಿಜವಾದ ಸಾಬೂನು ಇವುಗಳೊಡನೆ ಸೇರಿ ಕರಗದ ಮಡ್ಡಿಯಾಗುತ್ತದೆ, ಆ ಮಡ್ಡಿ ಕೂದಲಿನ ಮೇಲೆ ಪೊರೆಯಾಗಿ ಕೂರುತ್ತದೆ. ಆಫ್ರಿಕಾದ ಸಾಬೂನು ಹಾಕಿದ ಮೇಲೆ ಕೂದಲು ಅಂಟಂಟಾಗಿ, ಮಂಕಾಗಿ ಬಾಚಣಿಗೆಗೆ ಸಿಗದಂತಾಯಿತೆಂದು ದೂರುವವರು ಸಾಬೂನನ್ನು ಬಯ್ಯುತ್ತಾರೆ. ತಪ್ಪು ಇರುವುದು ನೀರಿನಲ್ಲಿ. ಸೀಗೆಕಾಯಿ ಮತ್ತು ಅಂಟುವಾಳದ ನೊರೆ ಸಾಬೂನಲ್ಲದ ಸಸ್ಯಾಂಶವಾದ ಸ್ಯಾಪೊನಿನ್‌ನಿಂದ ಬರುವುದರಿಂದ ಅವು ಗಡಸು ನೀರಿನಲ್ಲಿ ಹೀಗೆ ಮಡ್ಡಿಗಟ್ಟುವುದಿಲ್ಲ. ಗಡಸು ನೀರಿನ ಊರಿನವರು ತಲೆಸ್ನಾನಕ್ಕೆ ಅವುಗಳಲ್ಲೇ ಇರುವುದು ಜಾಣತನ. ಆದರೂ ಕಪ್ಪು ಸಾಬೂನು ಬಳಸಲೇಬೇಕೆಂದಿದ್ದರೆ ಮಳೆನೀರನ್ನೋ ಶುದ್ಧೀಕರಿಸಿದ ನೀರನ್ನೋ ಬಳಸಿ, ಕೊನೆಗೆ ಒಂದು ಲೀಟರ್ ನೀರಿಗೆ ಒಂದು ದೊಡ್ಡ ಚಮಚ ವಿನೆಗರ್ ಬೆರೆಸಿ ಕೂದಲ ಮೇಲೆ ಸುರಿದು, ಮತ್ತೆ ನೀರು ಹಾಕಿಕೊಳ್ಳಬೇಕು.

ಕೂದಲಿಗೆ ಎಣ್ಣೆ, ಬೆಣ್ಣೆ

ಗುಂಗುರು ಕೂದಲಿನವರು ತಲೆ ತೊಳೆದ ಮೇಲೆ, ಕೂದಲಿನಿಂದ ನೀರು ತೊಟ್ಟಿಕ್ಕುವುದು ನಿಂತಾಗ, ಅದನ್ನು ನಾಲ್ಕೈದು ಭಾಗಗಳಾಗಿ ಮಾಡಿಕೊಂಡು ಒಂದೊಂದು ಭಾಗಕ್ಕೂ ಹೆಸರುಕಾಳಿನಷ್ಟು ಶಿಯಾವನ್ನು ಅಂಗೈಯಲ್ಲಿ ಕರಗಿಸಿ ಮಧ್ಯದಿಂದ ತುದಿಯವರೆಗೆ ಎಳೆಯಬೇಕು. ನೀಳ ಅಥವಾ ತೆಳು ಕೂದಲಿನವರಿಗೆ ಇಡೀ ತಲೆಗೆ ಅಷ್ಟೇ ಸಾಕು, ಅದೂ ಕೊನೆಯ ನಾಲ್ಕು ಬೆರಳಿನಷ್ಟು ಉದ್ದಕ್ಕೆ ಮಾತ್ರ. ಅಥವಾ ತಲೆಸ್ನಾನಕ್ಕೆ ಒಂದು ಗಂಟೆ ಮೊದಲು ಹಚ್ಚಿ ತೊಳೆದುಬಿಡಬಹುದು. ನೆತ್ತಿಗೆ ಶಿಯಾ ಬೇಕಿಲ್ಲ. ತಲೆಹೊಟ್ಟು ಇದ್ದರಂತೂ ನೆತ್ತಿಗೆ ಯಾವ ಎಣ್ಣೆಯನ್ನೂ ತಿಕ್ಕಬಾರದು. ಹೊಟ್ಟಿಗೆ ಕಾರಣವಾಗುವ ಮಲಸೀಜಿಯ ಎಂಬ ಶಿಲೀಂಧ್ರ ಕೊಬ್ಬಿನಾಮ್ಲಗಳನ್ನೇ ತಿಂದು ಬೆಳೆಯುತ್ತದೆ.

ಬಾವೊಬಾಬ್ ಬೀಜದ ಎಣ್ಣೆ ಶಿಯಾದಷ್ಟು ಭಾರವಲ್ಲ. ಪಾಮಿಟಿಕ್, ಓಲಿಯಿಕ್, ಲಿನೋಲಿಯಿಕ್ ಆಮ್ಲಗಳು ಅದರಲ್ಲಿ ಹೆಚ್ಚುಕಡಿಮೆ ಸಮವಾಗಿ ಹಂಚಿಕೊಂಡಿದ್ದು, ಮುಖಕ್ಕೆ ಮೂರು–ನಾಲ್ಕು ಹನಿ, ಕೂದಲ ತುದಿಗೆ ಎರಡು ಹನಿ ಹಚ್ಚಿದರೆ ಜಿಡ್ಡೆನಿಸುವುದಿಲ್ಲ. ಕರಾವಳಿಯ ಸೆಕೆಗೆ ಈ ಪಟ್ಟಿಯಲ್ಲಿ ನಾನು ಒಪ್ಪುವ ಎಣ್ಣೆ ಇದೊಂದೇ. ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ದೊಡ್ಡಹುಣಸೆ ಎಂದು ಜನ ಕರೆಯುವ ಭಾರಿ ಮರಗಳು ಈ ಬಾವೊಬಾಬ್‌ಗಳೇ, ಆಫ್ರಿಕಾದಿಂದ ಬಂದ ಸಂತತಿ. ಹಾಗೆಂದು ಅವುಗಳ ಕಾಯಿಗೆ ಕೈಹಾಕಬೇಡಿ. ಬೀಜದಲ್ಲಿ ಎಣ್ಣೆಯ ಅಂಶ ಕಡಿಮೆ, ಮನೆಯಲ್ಲಿ ತೆಗೆಯುವುದು ಆಗದ ಮಾತು.

ಹುರಿದ ತಾಳೆ ಕಾಳಿನಿಂದ ತೆಗೆದ ಕಪ್ಪು ಎಣ್ಣೆಯನ್ನು ನೈಜೀರಿಯಾ ಮತ್ತು ಘಾನಾದಲ್ಲಿ ತಲೆಗೂ ಮಕ್ಕಳ ಮೈಗೂ ಹಚ್ಚುತ್ತಾರೆ. ಇದರಲ್ಲಿ ಅರ್ಧದಷ್ಟು ಲಾರಿಕ್ ಆಮ್ಲ. ಕೊಬ್ಬರಿ ಎಣ್ಣೆಯಲ್ಲೂ ಅಷ್ಟೇ. ಕೂದಲಿನ ಎಳೆಯೊಳಕ್ಕೆ ಇಳಿಯುವ ಗುಣಕ್ಕಾಗಿ ಇದನ್ನು ದುಬಾರಿ ಬೆಲೆಗೆ ತರಿಸುವುದಕ್ಕಿಂತ ಗಾಣದ ಕೊಬ್ಬರಿ ಎಣ್ಣೆಯೇ ಸಾಕು. ನುಗ್ಗೆ ಸೊಪ್ಪಿನ ಪುಡಿಯನ್ನು ಆಫ್ರಿಕಾದ ಮೊರಿಂಗಾ ಎಂದು ಕೊಳ್ಳುವುದಂತೂ ನಗೆಪಾಟಲು. ಆ ಮರ ಹುಟ್ಟಿದ್ದು ಭಾರತದಲ್ಲಿ. ಗಿಡದ ಬೀಜ ಮತ್ತಿತರ ವಸ್ತುಗಳಿಂದ ಮಾಡುವ ಚೆಬೆ ಪುಡಿಯನ್ನೂ ಇವುಗಳ ಜೊತೆ ಇಟ್ಟು ಮಾರುತ್ತಾರೆ. ಅದು ಮಧ್ಯ ಆಫ್ರಿಕಾದ ಚಾಡ್ ದೇಶದ ಹೆಂಗಸರ ಪದ್ಧತಿ. ಎಣ್ಣೆಯಲ್ಲಿ ಕಲಸಿ, ನೆತ್ತಿಗೆ ತಾಗದಂತೆ ಕೂದಲಿನ ಉದ್ದಕ್ಕೆ ಮಾತ್ರ ಮೆತ್ತಿ, ಜಡೆ ಹೆಣೆದು ದಿನಗಟ್ಟಲೆ ಬಿಡಬೇಕು. ಅದರಿಂದ ಕೂದಲು ಬೇಗ ಬೆಳೆಯುವುದಿಲ್ಲ, ಮುರಿಯುವುದು ಕಡಿಮೆಯಾಗಿ ಉದ್ದ ಉಳಿಯಬಹುದು. ನಮ್ಮ ಮಳೆಗಾಲದಲ್ಲಿ ದಿನಗಟ್ಟಲೆ ಎಣ್ಣೆಯ ಪುಡಿ ಮೆತ್ತಿಕೊಂಡಿರುವುದನ್ನು ನಾನು ಯಾರಿಗೂ ಸೂಚಿಸಲಾರೆ.

ಬಿಳುಪಿನ ಹೆಸರಿನ ಅಪಾಯ, ಮತ್ತು ಶೇಖರಣೆ

ಕಪ್ಪು ಸಾಬೂನು ಅಥವಾ ಶಿಯಾ ಕ್ರೀಮಿನ ಹೆಸರಿನಲ್ಲಿ ಮೈಬಣ್ಣ ತಿಳಿಯಾಗಿಸುತ್ತೇವೆಂದು ಹೇಳುವ ಯಾವ ಡಬ್ಬಿಯನ್ನೂ ಕೊಳ್ಳಬೇಡಿ. ಬಣ್ಣ ತಿಳಿಯಾಗಿಸುವ ಕ್ರೀಮುಗಳಲ್ಲಿ ಹೈಡ್ರೊಕ್ವಿನೋನ್ ಎಂಬ ಚರ್ಮ ಬಿಳುಪಾಗಿಸುವ ರಾಸಾಯನಿಕ, ಪಾದರಸ, ಸ್ಟಿರಾಯ್ಡ್ ಬೆರೆತಿರುವುದು ಪಶ್ಚಿಮ ಆಫ್ರಿಕಾದಲ್ಲೂ ಇಲ್ಲೂ ಕಂಡುಬಂದಿರುವ ಪಿಡುಗು; ಘಾನಾ 2016ರಲ್ಲಿ ಹೈಡ್ರೊಕ್ವಿನೋನ್ ಇರುವ ಚರ್ಮದ ಉತ್ಪನ್ನಗಳನ್ನು ನಿಷೇಧಿಸಿತು. ಶಿಯಾಕ್ಕಾಗಲಿ ಬೂದಿಯ ಸಾಬೂನಿಗಾಗಲಿ ಚರ್ಮದ ಬಣ್ಣ ಬದಲಿಸುವ ಗುಣವಿಲ್ಲ, ಆದ್ದರಿಂದ ಬದಲಾದರೆ ಅದರೊಳಗೆ ಬೇರೇನೋ ಇದೆ ಎಂದೇ ಅರ್ಥ.

ಶಿಯಾ ಬೆಣ್ಣೆಯನ್ನು ಗಾಳಿಯಾಡದ ಡಬ್ಬಿಯಲ್ಲಿ, ಬೆಳಕು ಬೀಳದ ತಂಪು ಜಾಗದಲ್ಲಿಟ್ಟು, ಒಣ ಚಮಚದಿಂದಲೇ ತೆಗೆಯಬೇಕು. ಬಚ್ಚಲುಮನೆಯ ಕಟ್ಟೆಯ ಮೇಲೆ ಇಡಬಾರದು. ತಂಪಾಗಿ, ಒಣದಾಗಿ ಇಟ್ಟರೆ ಒಂದು ವರ್ಷವಾದರೂ ಬಾಳುತ್ತದೆ. ಬಾವೊಬಾಬ್ ಎಣ್ಣೆಗೆ ಬಣ್ಣದ ಗಾಜಿನ ಬಾಟಲಿ ಬೇಕು. ಕಪ್ಪು ಸಾಬೂನಿನ ಮುದ್ದೆಯನ್ನು ತುಂಡುಗಳಾಗಿ ಮಾಡಿ, ಒಂದೊಂದನ್ನೂ ಪ್ಲಾಸ್ಟಿಕ್ ಹಾಳೆಯಲ್ಲಿ ಬಿಗಿಯಾಗಿ ಸುತ್ತಿಡಿ. ಗಾಳಿ ತಾಗಿದಲ್ಲಿ ಮೇಲೆ ಬಿಳಿ ಪೊರೆ ಬಂದರೆ ಅದು ಬೂಷ್ಟಾಗಿರಬೇಕೆಂದಿಲ್ಲ, ಕ್ಷಾರ ಗಾಳಿಯೊಡನೆ ಸೇರಿ ಆದ ಪುಡಿಯೂ ಆಗಿರಬಹುದು, ಕೆರೆದು ತೆಗೆದರೆ ಸಾಕು. ಎಣ್ಣೆ, ಬೆಣ್ಣೆಗಳಿಂದ ಕಮಟು ವಾಸನೆ ಬಂದರೆ, ಎಷ್ಟೇ ಬೆಲೆ ಕೊಟ್ಟು ತಂದಿದ್ದರೂ, ಮೈಗೆ ಹಚ್ಚದೆ ಬಾಗಿಲ ತಿರುಗಣಿಗೋ ಚರ್ಮದ ಚಪ್ಪಲಿಗೋ ಬಳಸಿ.